ರೊಕ್ಕ ಕೊಟ್ಟು ನಗಲು ಬಂದವರ ಋಣ

ಸಂವಿಧಾನದ ಏಳನೇ ಅನುಸೂಚಿಯನ್ನು ಯಾರೂ ಖುಷಿಗಾಗಿ ಓದುವುದಿಲ್ಲ. ಯಾವ ವಿಷಯದ ಮೇಲೆ ಕೇಂದ್ರ ಕಾನೂನು ಮಾಡಬೇಕು, ಯಾವುದರ ಮೇಲೆ ರಾಜ್ಯ ಮಾಡಬೇಕು ಎಂಬ ಒಣ ಪಟ್ಟಿ ಅದು. ಅದರ ರಾಜ್ಯ ಪಟ್ಟಿಯಲ್ಲಿ 33ನೇ ನಮೂದು ನಾಟಕ, ಸಿನಿಮಾ, ಕ್ರೀಡೆ, ಮನರಂಜನೆಗೆ ಸೇರಿದ್ದು. ಅದರ ಮಗ್ಗುಲಲ್ಲೇ ಇರುವ 34ನೇ ನಮೂದು ಬಾಜಿ ಮತ್ತು ಜೂಜಿನದು. ತೆರಿಗೆಯ ಲೆಕ್ಕಕ್ಕೆ ಬಂದರೆ ಇಬ್ಬರ ನಡುವೆ ಗೋಡೆಯೂ ಇರಲಿಲ್ಲ. 62ನೇ ನಮೂದಿನಲ್ಲಿ ಐಷಾರಾಮ, ಮನರಂಜನೆ, ವಿನೋದ, ಬಾಜಿ, ಜೂಜು ಎಲ್ಲವೂ ಒಂದೇ ಸಾಲಿನಲ್ಲಿ ಕೂತಿದ್ದವು. 2016ರಲ್ಲಿ ಜಿಎಸ್‌ಟಿಗಾಗಿ ತಿದ್ದುಪಡಿ ಆದಾಗ ಜೂಜು ಆ ಸಾಲಿನಿಂದ ಹೊರಬಿತ್ತು. ಪಂಚಾಯಿತಿ ಮತ್ತು ಪುರಸಭೆಗಳು ಹಾಕಬಹುದಾದ ಮನರಂಜನಾ ತೆರಿಗೆ ಮಾತ್ರ ಅಲ್ಲಿ ಉಳಿಯಿತು.

ಸಂವಿಧಾನ ಬರೆದವರಿಗೆ ನಾಟಕದವರ ಮೇಲೆ ಸಿಟ್ಟಿತ್ತು ಅಂತಲ್ಲ. ಬ್ರಿಟಿಷರ ಕಾಲದ ಪಟ್ಟಿಗಳ ವಾಸನೆ ಅದು. ಆದರೆ ಆ ವಾಸನೆ ಬ್ರಿಟಿಷರಿಗಿಂತ ಬಹಳ ಹಳೆಯದು. ಜನರನ್ನು ನಗಿಸಿ, ಅಳಿಸಿ, ಹಾಡಿ, ಕುಣಿದು ಹೊಟ್ಟೆ ಹೊರೆಯುವ ಮನುಷ್ಯ ಯಾರು? ಅವನು ದುಡಿಯುವವನೋ, ದುಡಿಯುವವರ ವೇಳೆ ಹಾಳು ಮಾಡುವವನೋ? ಈ ಪ್ರಶ್ನೆಗೆ ನಮ್ಮ ನೆಲದಲ್ಲಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಬಂದಿವೆ.

ಕೌಟಿಲ್ಯನ ಉತ್ತರ ಖಡಕ್ಕಾಗಿತ್ತು. ಹೊಸದಾಗಿ ಊರು ಕಟ್ಟುವಾಗ ಅಲ್ಲಿ ವಿನೋದದ ಶಾಲೆಗಳು ಇರಕೂಡದು ಎಂದು ಅರ್ಥಶಾಸ್ತ್ರ ಹೇಳುತ್ತದೆ. ನಟರು, ನರ್ತಕರು, ಹಾಡುವವರು, ಬಾರಿಸುವವರು, ಕತೆ ಹೇಳುವವರು ಬಂದು ರೈತರ ಕೆಲಸ ಕೆಡಿಸಬಾರದು. ಮಳೆಗಾಲದಲ್ಲಿ ಇವರು ಊರೂರು ತಿರುಗದೆ ಒಂದೇ ಕಡೆ ಇರಬೇಕು. ಹೊರಗಿನಿಂದ ಬಂದ ಮೇಳ ಆಟ ಆಡಬೇಕಾದರೆ ರಾಜನಿಗೆ 5 ಪಣ ಕಟ್ಟಬೇಕು. ಅದರ ಜೊತೆಗೆ, ಎಲ್ಲ ಊರಿಗೂ ಹೋಗುವ ಮಂದಿ ಎಂಬ ಕಾರಣಕ್ಕೆ ಇದೇ ನಟರನ್ನು ಗೂಢಚಾರರನ್ನಾಗಿ ಬಳಸಿಕೊಳ್ಳುವ ಉಪಾಯವೂ ಅದೇ ಪುಸ್ತಕದಲ್ಲಿದೆ! ನಂಬಿಕೆ ಇಲ್ಲ, ಆದರೆ ಉಪಯೋಗ ಇದೆ.

ನಟರ ಸ್ವಂತ ಗ್ರಂಥವಾದ ನಾಟ್ಯಶಾಸ್ತ್ರದ ಕೊನೆಯಲ್ಲಿ ಬರುವ ಕತೆ ಇನ್ನೂ ವಿಚಿತ್ರ. ಭರತಮುನಿಯ ಮಕ್ಕಳು ನಾಟಕ ಕಲಿತ ಉಮೇದಿನಲ್ಲಿ ಋಷಿಗಳನ್ನೇ ಅಣಕಿಸುವ ಆಟ ಆಡುತ್ತಾರೆ. ಸಿಟ್ಟಾದ ಋಷಿಗಳು ನಿಮ್ಮ ಕುಲ ಕೆಳಗಿಳಿಯಲಿ ಎಂದು ಶಾಪ ಹಾಕುತ್ತಾರೆ. ದೊಡ್ಡವರನ್ನು ನಕ್ಕದ್ದಕ್ಕೆ ಜಾತಿ ಹೋಯಿತು ಎಂಬ ಈ ಕತೆಯನ್ನು ನಾಟಕದ ಶಾಸ್ತ್ರವೇ ಹೊತ್ತುಕೊಂಡು ಬಂದಿದೆ. ಊರ ಗೌಡನ ನಡಿಗೆ ಅಣಕಿಸಿದ ಹಾಸ್ಯನಟನಿಗೆ ಮರುದಿನ ಏನಾಗುತ್ತದೆ ಎಂದು ಬಲ್ಲವರಿಗೆ ಇದು ಪುರಾಣ ಅನಿಸುವುದಿಲ್ಲ.

ಇವೆರಡಕ್ಕೂ ಅಡ್ಡ ನಿಂತ ಉತ್ತರ ಬಂದದ್ದು 12ನೇ ಶತಮಾನದ ಕಲ್ಯಾಣದಲ್ಲಿ. ಶರಣರ ಪಟ್ಟಿಯಲ್ಲಿ ಅಂಬಿಗರಿದ್ದಾರೆ, ಮಡಿವಾಳರಿದ್ದಾರೆ, ಕಟ್ಟಿಗೆ ಮಾರುವವರಿದ್ದಾರೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದೇ ಪಟ್ಟಿಯಲ್ಲಿ ಬಹುರೂಪಿ ಚೌಡಯ್ಯ ಇದ್ದಾನೆ. ವೇಷ ಕಟ್ಟಿ ಜನರ ಮುಂದೆ ಆಡುವುದು ಅವನ ಕಾಯಕ. ನಗೆಯ ಮಾರಿತಂದೆ ಇದ್ದಾನೆ. ಅವನ ಕಾಯಕ ಹೆಸರಲ್ಲೇ ಇದೆ, ನಗಿಸುವುದು. ಜನರನ್ನು ನಗಿಸಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದ ಎಂದು ಅವನ ಬಗ್ಗೆ ಪರಂಪರೆ ಹೇಳುತ್ತದೆ. ‘ಆತುರವೈರಿ ಮಾರೇಶ್ವರ’ ಅವನ ಅಂಕಿತ.

ಇದರ ತೂಕ ಎಷ್ಟು ಎಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ನಗಿಸುವುದಕ್ಕೆ ಕೂಲಿ ತೆಗೆದುಕೊಳ್ಳುವುದು ಭಿಕ್ಷೆಯಲ್ಲ, ಮೋಸವಲ್ಲ, ಚಪ್ಪಲಿ ಹೊಲಿದಷ್ಟೇ, ದೋಣಿ ನಡೆಸಿದಷ್ಟೇ ನೇರವಾದ ದುಡಿಮೆ ಎಂದು ಒಪ್ಪಿಕೊಂಡ ಮಾತು ಅದು. ದುಡಿಮೆ ಅಂದಮೇಲೆ ಅದಕ್ಕೊಂದು ಕರಾರೂ ಇರುತ್ತದೆ. ಕೊಟ್ಟವನಿಗೆ ಕೊಟ್ಟಷ್ಟು ಮುಟ್ಟಬೇಕು.

ಆದರೆ ಟಿಕೆಟ್ ಎಂಬುದು ಹುಟ್ಟುವವರೆಗೆ ಈ ಕರಾರು ಪೂರ್ತಿ ಚಾಲ್ತಿಗೆ ಬರಲಿಲ್ಲ. ಅಲ್ಲಿಯತನಕ ಕೂಲಿ ಕೊಡುವವನು ಒಬ್ಬನೇ: ರಾಜ, ದೇಸಾಯಿ, ಗೌಡ, ಇಲ್ಲವೇ ದೇವಸ್ಥಾನ. ಅವನು ನಕ್ಕರೆ ಊಟ, ಮುನಿದರೆ ಇಲ್ಲ.

ಟಿಕೆಟ್ ಬಂದ ಕತೆಯಲ್ಲಿ ಕನ್ನಡದ ಕರಾವಳಿಗೂ ಪಾಲಿದೆ. 1842ರಲ್ಲಿ ಹೊನ್ನಾವರ ಕಡೆಯ ಕರ್ಕಿಯ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ತೋರಿಸಿತು. ಅದನ್ನು ನೋಡಿದ ಸಾಂಗ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದು ಆಗಬೇಕು ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದರು. 1843ರಲ್ಲಿ ಭಾವೆಯ ‘ಸೀತಾ ಸ್ವಯಂವರ’ ಆಯಿತು. ಮರಾಠಿ ರಂಗಭೂಮಿಯ ಹುಟ್ಟುಹಬ್ಬವನ್ನು ಇವತ್ತಿಗೂ ಅದರಿಂದಲೇ ಎಣಿಸುತ್ತಾರೆ. 1851ರಲ್ಲಿ ಪಟವರ್ಧನರು ತೀರಿಕೊಂಡರು. ಆಶ್ರಯ ನಿಂತಿತು. ಭಾವೆ ಮಂದಿಯನ್ನು ಕಟ್ಟಿಕೊಂಡು ಊರೂರು ಹೊರಟ. 1853ರಲ್ಲಿ ಮುಂಬಯಿಯಲ್ಲಿ ಟಿಕೆಟ್ ಇಟ್ಟು ಆಡಿದ. ಒಬ್ಬ ಒಡೆಯ ಸತ್ತ ಮೇಲೆ ನೂರಾರು ಒಡೆಯರು ಸಿಕ್ಕರು, ಒಬ್ಬೊಬ್ಬರು ಆಣೆ ಲೆಕ್ಕದಲ್ಲಿ.

ಹೀಗೆ ಹೊರಟ ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡಕ್ಕೂ ಬಂದವು. ಕನ್ನಡದ ಮಂದಿ ರೊಕ್ಕ ಕೊಟ್ಟು ಮರಾಠಿ ನಾಟಕ ನೋಡುತ್ತಿದ್ದಾರಲ್ಲ ಎಂಬ ಸಂಕಟಕ್ಕೇ ಗದುಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ ಆಡಿಸಿದರು. ಅತ್ತ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅರಮನೆಯ ಕಂಪನಿ ಬಂತು. ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ಅದಕ್ಕಾಗಿ ತಯಾರಾಯಿತು. ಅರಮನೆಯದು ಸಂಬಳದ ನಾಟಕ, ಗದುಗಿನದು ಅಭಿಮಾನದ ನಾಟಕ. ಟಿಕೆಟ್ಟಿನ ನಾಟಕವನ್ನು ಒಂದು ಬದುಕಾಗಿ ಮಾಡಿದ್ದು ತುಮಕೂರು ಜಿಲ್ಲೆಯ ಒಂದು ಪುಟ್ಟ ಪೇಟೆ.

1884ರಲ್ಲಿ ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದವರು ಸೇರಿ ಊರ ದೇವರ ಹೆಸರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಶುರು ಮಾಡಿದರು. 1891ರಲ್ಲಿ ಹುಟ್ಟಿದ ವೀರಣ್ಣ ಐದಾರು ವರ್ಷದ ಪೋರನಾಗಿದ್ದಾಗಲೇ ಅದಕ್ಕೆ ಸೇರಿದರು. 1917ರಲ್ಲಿ ಅದರ ಮಾಲೀಕರಾದರು. ಗುಬ್ಬಿ ವೀರಣ್ಣನವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆನೆ ಕುದುರೆಗಳಿಂದ ಶುರು ಮಾಡುತ್ತಾರೆ. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ನಿಜವಾದ ಕುದುರೆ ರಂಗದ ಮೇಲೆ ಬಂದವು, ನಿಜ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಆ ಕಾಲದ ದೊಡ್ಡ ಮಾಲೀಕ ನಟರು, ಉದಾಹರಣೆಗೆ ಎ.ವಿ. ವರದಾಚಾರ್ಯರು, ನಾಯಕನ ಪಾತ್ರಕ್ಕೆ ಹೆಸರಾದವರು. ವೀರಣ್ಣ ಹೆಸರಾದದ್ದು ‘ಸದಾರಮೆ’ಯ ಕಳ್ಳನಾಗಿ. ಇಡೀ ಕಂಪನಿಯ ಯಜಮಾನ, ನೂರಾರು ಮಂದಿಯ ಅನ್ನದಾತ, ರಾತ್ರಿಯಾದರೆ ಕಳ್ಳನ ವೇಷ ಹಾಕಿ ಮಂದಿಯನ್ನು ನಗಿಸುತ್ತಿದ್ದ. 1923ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಬಿರುದೂ ‘ವರ್ಸಟೈಲ್ ಕಮೆಡಿಯನ್’ ಎಂದೇ.

ಕಂಪನಿ ಅಂದರೆ ಚಲಿಸುವ ಊರು. ನಟರಷ್ಟೇ ಅಲ್ಲ, ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ಅಡುಗೆಯವರು, ಹಾರ್ಮೋನಿಯಂ ಮಾಸ್ತರ, ಗೇಟು ಕಾಯುವವನು, ಇವರೆಲ್ಲರ ಹೆಂಡತಿ ಮಕ್ಕಳು. ಒಂದು ಊರಲ್ಲಿ ಮೊಕ್ಕಾಂ ಹೂಡಿದರೆ ಕಲೆಕ್ಷನ್ ಇರುವತನಕ ಇರುವುದು, ಬಿದ್ದರೆ ಹೊರಡುವುದು. ಮಳೆ ಹಿಡಿದರೆ ಆಟವಿಲ್ಲ, ಆದರೆ ಒಲೆ ಉರಿಯಲೇಬೇಕು. ಕೌಟಿಲ್ಯ ಮಳೆಗಾಲಕ್ಕೆ ಒಂದೇ ಕಡೆ ಇರಿ ಎಂದದ್ದನ್ನು ಕಂಪನಿಯವರು ಕಾನೂನಿನ ಭಯಕ್ಕಲ್ಲ, ಸಾಲದ ಭಯಕ್ಕೆ ಪಾಲಿಸಿದರು.

ಈ ಊರಿನಿಂದ ಯಾರು ಯಾರು ಹೊರಬಂದರು ಎಂದು ಎಣಿಸಲು ಹೋದರೆ ಕನ್ನಡ ಸಿನಿಮಾದ ಅರ್ಧ ಚರಿತ್ರೆ ಬರೆಯಬೇಕಾಗುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಅಲ್ಲಿ ನಟರಾಗಿದ್ದರು, ಅವರ ಮಗ ಮುತ್ತುರಾಜ ಅಲ್ಲೇ ಬೆಳೆದ. 1954ರ ‘ಬೇಡರ ಕಣ್ಣಪ್ಪ’ದಿಂದ ಅವನು ರಾಜ್‌ಕುಮಾರ್ ಆದ. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತ ಎಂಬ ಹುಡುಗನನ್ನು ಓದಲು ಬನಾರಸಿಗೆ ಕಳಿಸಿದ್ದೂ ವೀರಣ್ಣನವರೇ. ನಾಟಕದ ಗಲ್ಲಾಪೆಟ್ಟಿಗೆಯ ರೊಕ್ಕ ಹಿಂದಿ ಎಂ.ಎ. ಪದವಿಯಾಯಿತು.

1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ವೀರಣ್ಣ ತೀರಿಕೊಂಡರು. ತಮ್ಮ ಆತ್ಮಕತೆಗೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ನಗೆಯ ಮಾರಿತಂದೆಯ ಕಾಯಕ ಎಂಟು ನೂರು ವರ್ಷ ದಾಟಿ ಒಬ್ಬ ಹಾಸ್ಯನಟನ ಪುಸ್ತಕದ ರಟ್ಟಿನ ಮೇಲೆ ಬಂದು ಕೂತಿತು ಎಂದು ನಾನು ಓದಿಕೊಳ್ಳುತ್ತೇನೆ.

ಇಲ್ಲೊಂದು ಜಗಳವನ್ನೂ ಹೇಳಬೇಕು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾಯಿತು. ಓದಿದವರು, ನೌಕರಿಯಲ್ಲಿದ್ದವರು, ವಕೀಲರು ಸೇರಿ ನಾಟಕ ಆಡುವುದು. ಅವರಿಂದ ಒಳ್ಳೆಯ ನಾಟಕಗಳು ಬಂದವು, ಕೈಲಾಸಂ ಬಂದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂದಿನಿಂದ ಹವ್ಯಾಸಿ, ವೃತ್ತಿ ಎಂಬ ಎರಡು ಪಂಕ್ತಿಗಳಾದವು. ಹಗಲು ಕಚೇರಿಯಲ್ಲಿ ಸಂಬಳ ತೆಗೆದುಕೊಂಡು ಸಂಜೆ ಬಣ್ಣ ಹಚ್ಚುವವನು ‘ಕಲಾವಿದ’. ಬಣ್ಣ ಹಚ್ಚಿದ್ದಕ್ಕೇ ಸಂಬಳ ತೆಗೆದುಕೊಳ್ಳುವವನು ‘ಕಂಪನಿಯವನು’. ಒಂದೇ ಕೆಲಸ, ಆದರೆ ಅದರಿಂದ ಹೊಟ್ಟೆ ತುಂಬಿಸಿಕೊಂಡರೆ ಮರ್ಯಾದೆ ಕಡಿಮೆ. ವೈದ್ಯರಿಗೆ, ಮೇಷ್ಟ್ರಿಗೆ, ನಮ್ಮಂಥ ಸುದ್ದಿ ಬರೆಯುವವರಿಗೆ ಇಲ್ಲದ ಈ ನಿಯಮ ನಟರಿಗೆ ಮಾತ್ರ ಯಾಕೆ ಎಂದು ಕೇಳಿದರೆ ಸರಿಯಾದ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. (ಸಾಲಿನ ಲೆಕ್ಕದಲ್ಲಿ ಸಂಭಾವನೆ ಪಡೆಯುವ ವರದಿಗಾರರಿಗೂ ಸ್ವಲ್ಪ ಅನ್ವಯಿಸುತ್ತದೆ, ಅದು ಬೇರೆ ಮಾತು.)

ಉತ್ತರ ಕರ್ನಾಟಕದಲ್ಲಿ ಮರ್ಯಾದೆಗೆ ಇನ್ನೊಂದು ಮುಖ ಇತ್ತು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹುಡುಗನಾಗಿದ್ದಾಗ ಹೆಣ್ಣು ಪಾತ್ರ ಮಾಡಿ, ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ, ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾದರು. ಆ ಪಾತ್ರದಲ್ಲಿ ಅವರನ್ನು ನೋಡಿದ ಮಂದಿ ಬಂದು ಕಾಲಿಗೆ ಬೀಳುತ್ತಿದ್ದರು. ತೆಂಗಿನಕಾಯಿ ಒಡೆಸಿದ ಊರುಗಳೂ ಉಂಟು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. 103 ವರ್ಷ ಬಾಳಿ 2017ರಲ್ಲಿ ಹೋದರು ಅವರು. ಹೀಗೆ ಕಾಲಿಗೆ ಬಿದ್ದ ಊರಿನಲ್ಲೇ, ಕಂಪನಿಯ ನಟರು ಬಾಡಿಗೆಗೆ ಮನೆ ಕೇಳಲು ಹೋದರೆ ‘ನಾಟಕದವರಿಗೆ ಕೊಡಂಗಿಲ್ಲ’ ಎಂಬ ಮಾತು ಬರುತ್ತಿತ್ತು. ದೀಪದ ಬೆಳಕಲ್ಲಿ ದೇವರು, ಹಗಲಿನಲ್ಲಿ ಅನುಮಾನ. ಈ ಎರಡನ್ನೂ ಒಂದೇ ಮೈಯಲ್ಲಿ ಹೊತ್ತವನಿಗೇ ಗೊತ್ತು ಅದರ ಭಾರ.

ಅದೂ ಗಂಡಸರ ಕತೆ. ಹೆಂಗಸರದ್ದು ಹೇಳಬೇಕಾದರೆ ನಮ್ಮ ಜಿಲ್ಲೆಯ ಬೀಳಗಿಗೆ ಬರಬೇಕು.

ಆಗ ಬೀಳಗಿ ವಿಜಾಪುರ ಜಿಲ್ಲೆಯಲ್ಲಿತ್ತು. ಅಲ್ಲಿನ ಇಬ್ಬರು ಅಕ್ಕತಂಗಿಯರು ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಇಬ್ಬರೂ ಕನ್ನಡ ಕಂಪನಿ ನಾಟಕಗಳಲ್ಲಿ ಹಾಡಿ ಪಳಗಿ ಮುಂಬಯಿಗೆ ಹೋದವರು. ಇಬ್ಬರ ಹೆಸರಿನ ಕೊನೆಗೂ ‘ಕರ್ನಾಟಕಿ’ ಅಂಟಿಕೊಂಡಿತು. ಅಮೀರ್‌ಬಾಯಿ ಸಿನಿಮಾ ಗಾಯಕಿಯಾದರು. 1943ರ ‘ಕಿಸ್ಮತ್’ನಿಂದ ಇಡೀ ದೇಶಕ್ಕೆ ಗೊತ್ತಾದರು. ರಹಮತ್ ತರೀಕೆರೆ ಅವರ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಗೋಹರ್‌ಬಾಯಿ 1930ರ ದಶಕದ ಕೊನೆಗೆ ಬಾಲಗಂಧರ್ವರ ಕಂಪನಿ ಸೇರಿದರು.

ಬಾಲಗಂಧರ್ವ ಯಾರು ಎಂದು ಎರಡು ಮಾತು ಹೇಳುತ್ತೇನೆ. ನಾರಾಯಣ ಶ್ರೀಪಾದ ರಾಜಹಂಸ ಎಂಬ ಗಂಡಸು, 1888ರಲ್ಲಿ ಹುಟ್ಟಿದವರು, ಮರಾಠಿ ರಂಗದ ಮೇಲೆ ಹೆಣ್ಣು ಪಾತ್ರಗಳಿಗೇ ಹೆಸರಾದವರು. ಅವರು ಉಟ್ಟ ಸೀರೆ, ಮುಡಿದ ಹೂವು ನೋಡಿ ಮನೆಮನೆಯ ಹೆಣ್ಣುಮಕ್ಕಳು ಹಾಗೇ ಉಡಲು ಕಲಿತರು. ಪ್ರೇಕ್ಷಕರನ್ನು ಅವರು ಕರೆಯುತ್ತಿದ್ದದ್ದು ‘ಮಾಯಿಬಾಪ’ ಎಂದು, ಅಂದರೆ ತಾಯಿತಂದೆ. 1911ರಲ್ಲಿ ‘ಮಾನಾಪಮಾನ’ ನಾಟಕದ ಮೊದಲ ಪ್ರದರ್ಶನದ ದಿನವೇ ಅವರ ಮಗಳು ತೀರಿಕೊಂಡಳು. ಅವರು ಆಟ ನಿಲ್ಲಿಸಲಿಲ್ಲ. ಟಿಕೆಟ್ ತಗೊಂಡು ಬಂದ ತಾಯಿತಂದೆ ಒಳಗೆ ಕೂತಿದ್ದರು, ಸೀರೆ ಉಟ್ಟು, ಬಣ್ಣ ಹಚ್ಚಿ ಹಾಡಿದರು. ಈ ಘಟನೆಯನ್ನು ಎಲ್ಲರೂ ಹೊಗಳಿ ಹೇಳುತ್ತಾರೆ. ನನಗೆ ಅದರಲ್ಲಿ ಹೊಗಳಿಕೆಗಿಂತ ಭಯ ಹೆಚ್ಚು. ಒಬ್ಬ ತಂದೆ ಅಳುವುದಕ್ಕೂ ಆ ದಿನ ಮುಂಗಡ ಬುಕ್ಕಿಂಗ್ ಅಡ್ಡ ಬಂದಿತ್ತು.

ಹೆಣ್ಣಿನ ವೇಷದ ಗಂಡಸಿಗೆ ಮಹಾರಾಷ್ಟ್ರ ಇಷ್ಟು ಪ್ರೀತಿ ಕೊಟ್ಟಿತು. ಅದೇ ಪಾತ್ರಗಳನ್ನು ಮಾಡಲು ಬಂದ ನಿಜವಾದ ಹೆಣ್ಣಿಗೆ ಏನು ಕೊಟ್ಟಿತು? ಗೋಹರ್‌ಬಾಯಿ ಬೀಳಗಿಯವರು, ಮುಸ್ಲಿಮರು, ಕಂಪನಿಯಲ್ಲಿ ಹಾಡುವ ಹೆಂಗಸು. ಬಾಲಗಂಧರ್ವರ ಕಂಪನಿ ಇಳಿಜಾರಿನಲ್ಲಿದ್ದ ಹೊತ್ತಿಗೆ ಬಂದವರು. ಮಾತಾಡುವ ಸಿನಿಮಾ ಬಂದು ನಾಟಕದ ಕಲೆಕ್ಷನ್ ಕಿತ್ತುಕೊಂಡಿತ್ತು, ಬಾಲಗಂಧರ್ವರಿಗೆ ಐವತ್ತರ ಹತ್ತಿರ ವಯಸ್ಸಾಗಿತ್ತು. ಆದರೂ ಕಂಪನಿ ಬಿದ್ದದ್ದಕ್ಕೆ ಕಾರಣ ಗೋಹರ್ ಎಂದು ಅಭಿಮಾನಿಗಳು ತೀರ್ಮಾನಿಸಿದರು. ಮಾಟ ಮಾಡಿದಳು ಎನ್ನುವತನಕ ಮಾತು ಹೋಯಿತು. 1951ರಲ್ಲಿ ಇಬ್ಬರೂ ಮದುವೆಯಾದರು. ಪಾರ್ಶ್ವವಾಯು ಬಡಿದು ಬಾಲಗಂಧರ್ವರ ಕಾಲು ಬಿದ್ದಾಗ ನೋಡಿಕೊಂಡವರು ಅವರೇ. 1964ರಲ್ಲಿ ಗೋಹರ್ ಮೊದಲು ತೀರಿದರು, ಬಾಲಗಂಧರ್ವರು 1967ರಲ್ಲಿ.

ಕಾಯಕದ ಕರಾರು ಇಲ್ಲಿ ಅರ್ಧಕ್ಕೇ ಮುರಿಯಿತು. ಗೋಹರ್ ಟಿಕೆಟ್ ಕೊಂಡವರಿಗೆ ಹಾಡು ಕೊಟ್ಟರು. ಕೊಂಡವರು ಹಾಡು ಕೇಳಿ, ಬೈಗುಳವನ್ನೂ ಸೇರಿಸಿ ಕೊಟ್ಟರು. ಕನ್ನಡದ ಕಡೆಯೂ ಬೇರೆ ಏನಿರಲಿಲ್ಲ. ರಂಗದ ಮೇಲೆ ಹೆಂಗಸರು ಬಂದ ಮೇಲೆ ಜನ ಮುಗಿಬಿದ್ದು ನೋಡಿದರು, ಆ ಹೆಂಗಸರ ಮಕ್ಕಳಿಗೆ ಹೆಣ್ಣು ಕೊಡುವಾಗ, ತರುವಾಗ ಹಿಂದೆ ಸರಿದರು. ಗುಬ್ಬಿ ಕಂಪನಿಯ ಅನುಭವ ಇದ್ದ ಆರ್. ನಾಗರತ್ನಮ್ಮ 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದಾಗ ಇದಕ್ಕೆ ಒಂದು ಗಟ್ಟಿ ಉತ್ತರ ಸಿಕ್ಕಿತು ಅನ್ನಬಹುದು. ಅಲ್ಲಿ ಎಲ್ಲ ಪಾತ್ರವೂ ಹೆಂಗಸರದ್ದೇ. ನಾಗರತ್ನಮ್ಮ ಸ್ವತಃ ಕಂಸ, ರಾವಣ, ಭೀಮನ ಪಾತ್ರ ಹಾಕಿ ಗದೆ ತಿರುಗಿಸುತ್ತಿದ್ದರು. ಗಂಡಸು ಹೆಣ್ಣಾಗಿ ಹೊಗಳಿಸಿಕೊಂಡ ರಂಗದ ಮೇಲೆ ಹೆಂಗಸು ಮೀಸೆ ಹಚ್ಚಿ ಚಪ್ಪಾಳೆ ತೆಗೆದುಕೊಂಡಳು. ಅವರಿಗೂ ಪದ್ಮಶ್ರೀ ಬಂದದ್ದು ಕೊನೆಯ ವರ್ಷದಲ್ಲಿ, 2012ರಲ್ಲಿ. ನಮ್ಮ ಸರ್ಕಾರಗಳಿಗೆ ನಟರ ನೆನಪು ಬರುವುದು ಅವರು ಮೇಕಪ್ ತೆಗೆದು ಮಲಗಿದ ಮೇಲೆ.

ಈಗ ಬನಶಂಕರಿ ಜಾತ್ರೆಗೆ ಬನ್ನಿ. ಪ್ರತಿ ವರ್ಷ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಈ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ತಗಡಿನ ಥಿಯೇಟರ್ ಹಾಕುತ್ತವೆ. ರಥೋತ್ಸವ ಒಂದು ದಿನದ್ದು, ನಾಟಕಗಳು ಮಾತ್ರ ವಾರಗಟ್ಟಲೆ ನಡೆಯುತ್ತವೆ. ಹೊಲದ ಕೆಲಸ ಮುಗಿಸಿದ ಮಂದಿ ಟ್ರ್ಯಾಕ್ಟರ್ ಮಾಡಿಕೊಂಡು ಬಂದು ಒಂದು ಕಂಪನಿಯ ಆಟ ಮುಗಿಸಿ ಇನ್ನೊಂದಕ್ಕೆ ಹೋಗಿ ಕೂರುತ್ತಾರೆ, ಬೆಳಗಾಗುವತನಕ.

ನಾನು ಜಾತ್ರೆಯ ಸುದ್ದಿ ಬರೆಯುವಾಗ ಊರಿನ ಓದಿದವರು ಹೇಳುವ ಮಾತು ಒಂದೇ: ಈಗಿನ ನಾಟಕ ಡಬಲ್ ಮೀನಿಂಗ್, ಹೆಂಡತಿ ಮಕ್ಕಳ ಜೊತೆ ನೋಡಂಗಿಲ್ಲ. ಸುಳ್ಳಲ್ಲ. ಕೆಲವು ಬೋರ್ಡುಗಳ ಮೇಲಿನ ಹೆಸರೇ ಸಾಕು. ಆದರೆ ಈ ಮಾತು ಹೇಳುವವರಲ್ಲಿ ಎಷ್ಟು ಮಂದಿ ಟಿಕೆಟ್ ತೆಗೆದು ಒಳಗೆ ಹೋಗಿದ್ದಾರೆ? ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ‘ಸಂಪತ್ತಿಗೆ ಸವಾಲ್’ ಬರೆದದ್ದು ಇಂಥದೇ ಕಂಪನಿಗಳಿಗೆ, ಇಂಥದೇ ಮಂದಿಗೆ. ಅದನ್ನೇ 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಮಾಡಿದಾಗ ಪೇಟೆಯವರೂ ಮೆಚ್ಚಿದರು. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ನಾಟಕ ನಿಲ್ಲಿಸಿ ಜನರ ಕಡೆ ತಿರುಗಿ ಆವತ್ತಿನ ಮಂತ್ರಿಗಳನ್ನು ಬೈದದ್ದೂ ಟಿಕೆಟ್ಟಿನ ಬಲದಿಂದಲೇ. ಸರ್ಕಾರದ ಅನುದಾನದಲ್ಲಿ ನಿಂತು ಅಷ್ಟು ಬೈಯಲು ಆಗುತ್ತಿರಲಿಲ್ಲ. ಭರತನ ಮಕ್ಕಳಿಗೆ ತಟ್ಟಿದ ಶಾಪ ಅವರಿಗೂ ತಟ್ಟುವ ಹಾಗಿತ್ತು, ಗಲ್ಲಾಪೆಟ್ಟಿಗೆ ತಡೆಯಿತು. ಇದೇ ಗಲ್ಲಾಪೆಟ್ಟಿಗೆ ಇವತ್ತು ಅಶ್ಲೀಲ ಮಾತನ್ನೂ ಬರೆಸುತ್ತಿದೆ. ಕಾಯಕದ ಕರಾರಿನಲ್ಲಿ ಕೊಳ್ಳುವವರ ಪಾಲೂ ಇರುತ್ತದೆ. ಒಳ್ಳೆಯ ನಾಟಕ ಹಾಕಿ ಖಾಲಿ ಕುರ್ಚಿ ನೋಡಿದ ಮಾಲೀಕನಿಗೆ ಉಪದೇಶ ಮಾಡುವ ಹಕ್ಕು ಆ ಖಾಲಿ ಕುರ್ಚಿಗೆ ಸೇರಬೇಕಾಗಿದ್ದವರಿಗಂತೂ ಇಲ್ಲ.

ಕೊರೊನಾ ವರ್ಷಗಳಲ್ಲಿ ಜಾತ್ರೆಗಳು ನಿಂತಾಗ ಕಂಪನಿಯ ಮಂದಿ ಊರಿಗೆ ಹೋಗಿ ಗಾರೆ ಕೆಲಸ, ಕೂಲಿ, ತರಕಾರಿ ವ್ಯಾಪಾರ ಮಾಡಿದರು. ವಯಸ್ಸಾದವರು ಮಾಸಾಶನದ ಅರ್ಜಿ ಹಿಡಿದು ಓಡಾಡಿದರು. ಕಲಾವಿದ ಎಂದು ಸಾಬೀತು ಮಾಡಲು ಕಾಗದ ಬೇಕು. ಮೂವತ್ತು ನಲವತ್ತು ವರ್ಷ ಬಣ್ಣ ಹಚ್ಚಿದವರ ಹತ್ತಿರ ಇರುವ ಕಾಗದ ಎಂದರೆ ನಾಟಕದ ಕರಪತ್ರಗಳು. ಗುಲಾಬಿ, ಹಳದಿ ಬಣ್ಣದ ತೆಳು ಹಾಳೆ, ಮಡಿಕೆಯಲ್ಲಿ ಹರಿದದ್ದು. ಹಾಸ್ಯ ಪಾತ್ರದವರ ಹೆಸರು ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಸಣ್ಣ ಪಾತ್ರ ಮಾಡಿದವರ ಹೆಸರು ‘ಮತ್ತು ಇತರರು’ ಎಂಬುದರೊಳಗೆ ಹೋಗಿರುತ್ತದೆ. ಅಂಥವರು ಕಚೇರಿಯ ಕಿಟಕಿ ಮುಂದೆ ನಿಂತು ಆ ‘ಇತರರು’ ಎಂಬಲ್ಲಿ ಬೆರಳಿಟ್ಟು ತೋರಿಸುತ್ತಾರೆ.

ಜಾತ್ರೆ ಮುಗಿಯುವ ರಾತ್ರಿ ಕೊನೆಯ ಆಟದ ಮಂಗಳ ಆದ ಕೂಡಲೇ ಪರದೆ ಇಳಿಸುತ್ತಾರೆ. ಬೆಳಕು ಹರಿಯುವುದರೊಳಗೆ ತಗಡು ಬಿಚ್ಚಿ ಲಾರಿಗೆ ಹೇರುವುದು ಶುರುವಾಗಿರುತ್ತದೆ. ರಾತ್ರಿ ರಾಜನಾಗಿದ್ದವನು ಲುಂಗಿ ಎತ್ತಿ ಕಟ್ಟಿ ಕಂಬ ಹೊರುತ್ತಾನೆ, ಕಿವಿಯ ಹಿಂದೆ ಇನ್ನೂ ಬಣ್ಣ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇರುವ ವರ್ಷವಾದರೆ ಅಲ್ಲಿಗೆ, ಇಲ್ಲದಿದ್ದರೆ ಜಾಗ ಸಿಕ್ಕ ಊರಿಗೆ.